ಮತ್ರಾದ ನೂಡಲ್ಸ್ ಮತ್ತು ನನ್ನ ನಾಲಗೆ

ಮನುಷ್ಯ ಏನು ತಿನ್ನುತ್ತಾನೆ ಎಂದು ಹೇಳುವುದು ಸುಲಭ. ಏನು ತಿನ್ನುವುದಿಲ್ಲ ಎಂದು ಹೇಳಿದ ಕೂಡಲೇ ತೊಂದರೆ ಶುರುವಾಗುತ್ತದೆ. ಬದನೆಕಾಯಿ ಸೇರುವುದಿಲ್ಲ ಎಂದರೆ "ನಮ್ಮ ಮನೆಯದ್ದು ಒಮ್ಮೆ ತಿಂದು ನೋಡಿ" ಎನ್ನುತ್ತಾರೆ. ಹಾಗಲಕಾಯಿ ಬೇಡವೆಂದರೆ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಉಪನ್ಯಾಸ ಗ್ಯಾರಂಟಿ. ನನ್ನ ಕಷ್ಟ ಬದನೆ, ಹಾಗಲದಷ್ಟು ಸಣ್ಣದಲ್ಲ. ನಾನು ಶಿರ್ವದ ಕಡೆಯ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು, ಹೆಸರು ವಿಲ್ಫ್ರೆಡ್, ಮತ್ತು ನನಗೆ ಬೀಫ್ ಸೇರುವುದಿಲ್ಲ. ಇದರ ಹಿಂದೆ ತತ್ವವಿಲ್ಲ, ವ್ರತವಿಲ್ಲ, ಡಾಕ್ಟರ ಚೀಟಿಯೂ ಇಲ್ಲ. ಬಾಯಿಗಿಟ್ಟರೆ ಗಂಟಲು ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟೇ. ಹಂದಿ, ಕೋಳಿ, ಮೀನು, ಏಡಿ ಎಂದು ಬಂದವರನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಗಂಟಲು ಇದೊಂದರ ಮೇಲೆ ಮಾತ್ರ ಯಾಕೆ ಹಗೆ ಸಾಧಿಸುತ್ತದೆ ಎಂದು ನನಗೂ ಗೊತ್ತಿಲ್ಲ.

ಗೊತ್ತಿಲ್ಲ ಎಂದರೆ ಕೇಳುವವರು ಯಾರು? ಊರಿನ ಮದುವೆಗಳಲ್ಲಿ ನಾನು ಬೀಫಿನ ಪಾತ್ರೆಯನ್ನು ದಾಟಿ ಮುಂದೆ ಹೋದರೆ ನನ್ನ ಚಿಕ್ಕಪ್ಪ ಇಡೀ ಚಪ್ಪರಕ್ಕೆ ಕೇಳುವಂತೆ, "ಇವನಿಗೆ ಯಾರೋ ಎಂತದೋ ಕುಡಿಸಿದ್ದಾರೆ ಮಾರಾಯ್ರೆ" ಎನ್ನುತ್ತಿದ್ದರು. ನಮ್ಮ ಕಡೆಯವರದ್ದು ಹಾಗಾದರೆ ಬೀಫ್ ತಿನ್ನದ ಕಡೆಯವರದ್ದು ಇನ್ನೊಂದು ರೀತಿ. ಬೀಫ್ ತಿನ್ನುವುದಿಲ್ಲ ಎಂದು ಗೊತ್ತಾದ ಕೂಡಲೇ ಕೆಲವರು ನನ್ನ ಕೈ ಹಿಡಿದು, "ನೀವು ಹಾಗಲ್ಲ ಬಿಡಿ, ತುಂಬ ಒಳ್ಳೆಯವರು" ಎನ್ನುತ್ತಾರೆ. 'ಹಾಗೆ' ಅಂದರೆ ಹೇಗೆ ಎಂದು ನಾನು ಕೇಳಿಲ್ಲ. ಕೇಳಿದರೆ ಉತ್ತರ ನನ್ನ ಅಪ್ಪ, ಅಮ್ಮ, ಹೆಂಡತಿ ಎಲ್ಲರಿಗೂ ತಗಲುತ್ತದೆ. ಒಂದು ಪಾತ್ರೆಯನ್ನು ದಾಟಿ ಹೋದ ಕಾರಣಕ್ಕೆ ನಡತೆಯ ಸರ್ಟಿಫಿಕೇಟು ಪಡೆದವನು ಪ್ರಪಂಚದಲ್ಲಿ ಬಹುಶಃ ನಾನೊಬ್ಬನೇ.

ಇವರೆಲ್ಲರಿಗಿಂತ ಹೆಚ್ಚು ನೊಂದವಳು ನನ್ನ ಹೆಂಡತಿ ಲವೀನಾ. ಅವಳ ತವರು ಕಿನ್ನಿಗೋಳಿ. ಅವಳ ತಾಯಿ ಮಾಡುವ ಬೀಫ್ ಸುಕ್ಕದ ಹೆಸರು ಹೇಳಿದರೆ ಆ ಕಡೆ ನಾಲ್ಕು ಊರಿನವರು ತುಟಿ ಸವರಿಕೊಳ್ಳುತ್ತಾರೆ. ಆ ಕೈಗುಣ ಮಗಳಿಗೂ ಬಂದಿದೆ. ಮದುವೆಯಾದ ಹೊಸದರಲ್ಲಿ ಅವಳು ಬೆಳಗ್ಗೆ ಎದ್ದು ಮಸಾಲೆ ಹುರಿದು, ತೆಂಗಿನಕಾಯಿ ತುರಿದು, ಘಮಘಮ ಸುಕ್ಕ ಮಾಡಿ ನನ್ನ ಮುಂದಿಟ್ಟಾಗ ನಾನು ಮೆಲ್ಲಗೆ ವಿಷಯ ಹೇಳಿದೆ. ತಮಾಷೆ ಎಂದುಕೊಂಡು ಅವಳು ನಕ್ಕಳು. ತಮಾಷೆಯಲ್ಲ ಎಂದು ತಿಳಿದ ಮೇಲೆ ಆ ವಿಷಯದಲ್ಲಿ ಮತ್ತೆ ನಕ್ಕಿಲ್ಲ. ಈಗ ನಾವಿರುವ ಒಮಾನಿನ ಮಸ್ಕತ್ತಿನಲ್ಲಿ ನಮ್ಮ ಭಾನುವಾರ ಶುಕ್ರವಾರಕ್ಕೇ ಬರುತ್ತದೆ. ರಜೆಯೂ ಅಂದೇ, ಪೂಜೆಯೂ ಅಂದೇ. ಪ್ರತಿ ಶುಕ್ರವಾರ ರೂವಿಯ ನಮ್ಮ ಫ್ಲಾಟಿನ ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ಅವಳಿಗೂ ಮಗಳು ರಿಯಾಳಿಗೂ ಬೀಫ್ ಸುಕ್ಕ, ಇನ್ನೊಂದರಲ್ಲಿ ನನಗೆ ಕೋಳಿ ಸಾರು. ಕೋಳಿ ಸಾರು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಬಡಿಸುವಾಗ ಸೌಟು ತಟ್ಟೆಗೆ ತಾಗುವ ಸದ್ದಿನಲ್ಲಿ, ಇದು ಅಡುಗೆಯಲ್ಲ, ಪಥ್ಯ ಎಂಬ ಅರ್ಥ ಇರುತ್ತದೆ.

ಇನ್ನು ಆಫೀಸು. ವಾದಿ ಅದಾಯ್‌ನಲ್ಲಿರುವ ನಮ್ಮ ಕಂಪನಿಯದ್ದು ಹೋಟೆಲುಗಳಿಗೆ ದೊಡ್ಡ ದೊಡ್ಡ ಶೀತಲ ಕೋಣೆಗಳನ್ನು ಕೂರಿಸುವ, ಕೆಟ್ಟರೆ ರಿಪೇರಿ ಮಾಡುವ ವ್ಯವಹಾರ. ಕೆಳಗೆ ವರ್ಕ್‌ಶಾಪು, ಮೇಲೆ ಆಫೀಸು. ಊರಿಗೆಲ್ಲ ಫ್ರಿಜ್ಜು ಕೊಡುವ ನಮ್ಮಲ್ಲಿ ಸದಾ ಜಗಳ ನಡೆಯುವುದು ಪ್ಯಾಂಟ್ರಿಯ ಒಂದೇ ಒಂದು ಫ್ರಿಜ್ಜಿನ ಬಗ್ಗೆ. ನಮ್ಮ ಮ್ಯಾನೇಜರ್ ರಘುನಂದನ್ ಸರ್ ಮೈಸೂರಿನವರು, ಶುದ್ಧ ಸಸ್ಯಾಹಾರಿ. ಒಳ್ಳೆಯ ಮನುಷ್ಯ, ರಜೆ ಕೇಳಿದರೆ ಕೊಡುತ್ತಾರೆ. ಆದರೆ ಫ್ರಿಜ್ಜಿನ ಮೇಲಿನ ಅರೆಗಳಿಗೆ ಹಸಿರು ಪಟ್ಟಿ ಅಂಟಿಸಿ, ಕೆಳಗಿನ ಒಂದು ಅರೆಯನ್ನು ಉಳಿದವರಿಗೆ ಬಿಟ್ಟುಕೊಟ್ಟಿದ್ದಾರೆ. ನನ್ನ ಡಬ್ಬಿಯಲ್ಲಿ ಅನ್ನ, ತೊಂಡೆಕಾಯಿ ಪಲ್ಯ ಇದ್ದ ದಿನ ಒಮ್ಮೆ ಮೇಲಿನ ಅರೆಯಲ್ಲಿ ಇಟ್ಟೆ. ಮಧ್ಯಾಹ್ನ ನೋಡಿದರೆ ಡಬ್ಬಿ ಕೆಳಗಿಳಿದಿತ್ತು. "ಪಲ್ಯ ಸರಿ ಕಣ್ರೀ ವಿಲ್ಫ್ರೆಡ್, ಆದ್ರೆ ಡಬ್ಬಿ ಅದೇ ಅಲ್ವಾ? ನಿನ್ನೆ ಅದ್ರಲ್ಲಿ ಏನಿತ್ತೋ" ಎಂದರು ಸರ್. ನಿನ್ನೆ ಅದರಲ್ಲಿ ಮೊಸರನ್ನ ಇತ್ತು. ಹೇಳಿ ಪ್ರಯೋಜನವಿಲ್ಲ. ನನ್ನ ಹೆಸರೇ ಕೆಳಗಿನ ಅರೆಯದ್ದು.

ಹೀಗಿರುವಾಗ ಹಾನ್ ಎಂಬ ಗಿರಾಕಿ ಬಂದರು. ಮಲೇಷ್ಯಾದವರು, ಒಂದು ಹೋಟೆಲ್ ಸಮೂಹದ ಖರೀದಿ ವಿಭಾಗದ ದೊಡ್ಡ ತಲೆ. ಒಮಾನಿನಲ್ಲಿ ಅವರು ಕಟ್ಟಿಸುತ್ತಿದ್ದ ಹೋಟೆಲುಗಳ ಶೀತಲ ಕೋಣೆಗಳ ಕೆಲಸ ಯಾರಿಗೆ ಕೊಡಬೇಕು ಎಂಬುದು ಅವರ ಕೈಯಲ್ಲಿತ್ತು. ಅವರು ಬರುವ ಹಿಂದಿನ ದಿನ ರಘುನಂದನ್ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು.

"ವಿಲ್ಫ್ರೆಡ್, ಹಾನ್ ಅವರ ಹಿರೀಕರು ಹೈನಾನ್ ಅನ್ನೋ ಕಡೆಯವರಂತೆ. ಚೀನಾದಲ್ಲಿ ಒಂದು ದ್ವೀಪ. ಅಲ್ಲಿಯ ಶೈಲಿಯ ಬೀಫ್ ನೂಡಲ್ಸ್ ಅಂಗಡಿ ಮತ್ರಾದಲ್ಲಿದೆ, ನಾಳೆ ಊಟ ಅಲ್ಲೇ ಆಗ್ಲಿ ಅಂದ್ರು. ನೀವಿದ್ದೀರಲ್ಲ, ಅದೇ ಧೈರ್ಯ."

"ಸರ್, ನಾನು ಬೀಫ್ ತಿನ್ನುವುದಿಲ್ಲ."

ಸರ್ ನಕ್ಕರು. "ತಮಾಷೆ ಬೇಡ ಕಣ್ರೀ. ನೀವೇ ತಿನ್ನಲ್ಲ ಅಂದ್ರೆ ಇನ್ಯಾರ್ರೀ ತಿಂತಾರೆ?"

"ನಿಜವಾಗಿ ಸರ್. ಸಣ್ಣದಿರುವಾಗಿಂದ ಸೇರುವುದಿಲ್ಲ."

ನಗು ನಿಂತಿತು. ಇಷ್ಟು ವರ್ಷ ನಾನು ಯಾವುದೋ ಸುಳ್ಳು ವೇಷದಲ್ಲಿ ಕೆಳಗಿನ ಅರೆಯನ್ನು ಅನುಭವಿಸಿದೆ ಎಂಬಂತೆ ಅವರು ನನ್ನನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, "ನೋಡಿ, ಈ ಕಾಂಟ್ರಾಕ್ಟ್ ಹೋದ್ರೆ ವರ್ಕ್‌ಶಾಪ್ ಅರ್ಧ ಖಾಲಿ ಮಾಡ್ಬೇಕು ಅಂತ ಕಫೀಲ್ ಆಗಲೇ ಹೇಳಿದಾರೆ. ಎಷ್ಟು ಜನದ ವೀಸಾ ಇದೆ, ಯೋಚನೆ ಮಾಡಿ. ನಿಮ್ಮದೂ ಸೇರಿ. ನಾಳೆ ಒಂದು ದಿನ ದಯವಿಟ್ಟು ನಿಮ್ಮವರ ಪದ್ಧತಿ ಪ್ರಕಾರ ನಡ್ಕೊಳ್ಳಿ" ಎಂದರು. ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಯಜಮಾನ. ಅವನ ಹೆಸರು ಬಂದ ಮೇಲೆ ಗಲ್ಫಿನಲ್ಲಿ ಯಾರ ಗಂಟಲೂ ವಾದ ಮಾಡುವುದಿಲ್ಲ.

ಮರುದಿನ ಮಂಗಳವಾರ ಮಧ್ಯಾಹ್ನ ಮೂವರೂ ಮಸ್ಕತ್ತಿನ ಹಳೆಯ ಬಂದರು ಪೇಟೆಯಾದ ಮತ್ರಾಕ್ಕೆ ಹೋದೆವು. ಜುಲೈ ತಿಂಗಳು. ಸಮುದ್ರ ದಂಡೆಯ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಎಲ್ಲೋ ನಿಲ್ಲಿಸಿ, ಸೂಕ್ ಎಂಬ ಹಳೆ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ನಡೆಯುವಷ್ಟರಲ್ಲಿ ನಾವೇ ಬೆಂದ ನೂಡಲ್ಸಿನ ಹಾಗೆ ಆಗಿದ್ದೆವು. ಇಂಥ ಧಗೆಯಲ್ಲಿ ಕುದಿಯುವ ಸಾರು ಕುಡಿಯಲು ಹೋಗುವುದೆಂದರೆ ಒಂದೋ ಭಕ್ತಿ ಇರಬೇಕು, ಇಲ್ಲವೇ ಕಾಂಟ್ರಾಕ್ಟ್ ಇರಬೇಕು. ಹಾನ್ ಅವರಿಗೆ ಮೊದಲನೆಯದು ಇತ್ತು, ನಮಗೆ ಎರಡನೆಯದು. ದಾರಿಯುದ್ದಕ್ಕೂ ಅವರು ಇಂಗ್ಲಿಷಿನಲ್ಲಿ ತಮ್ಮವರ ಕಥೆ ಹೇಳುತ್ತಿದ್ದರು. ಹೈನಾನಿನವರು ಹಡಗು ಹತ್ತಿ ಮಲೇಷ್ಯಾ, ಸಿಂಗಾಪುರಕ್ಕೆ ಬರುವಷ್ಟರಲ್ಲಿ ಒಳ್ಳೆಯ ಕೆಲಸಗಳನ್ನೆಲ್ಲ ಬೇರೆಯವರು ಹಿಡಿದಿದ್ದರಂತೆ. ಇವರಿಗೆ ಉಳಿದದ್ದು ಅಡುಗೆಮನೆ ಮಾತ್ರ. ಅದರಲ್ಲೇ ಹೆಸರು ಮಾಡಿದರಂತೆ. ಕೇಳುತ್ತಾ ಹೋದಂತೆ ನನಗೆ ಇವರು ಚೀನಾದ ಉಡುಪಿಯವರು ಅನ್ನಿಸಿ ಸ್ವಲ್ಪ ಆತ್ಮೀಯತೆ ಹುಟ್ಟಿತು.

ಓಣಿಯ ಕೊನೆಯಲ್ಲಿ ಅಂಗಡಿ. 'ಸಾಂಪ್ರದಾಯಿಕ ಹೈನಾನೀಸ್ ಬೀಫ್ ನೂಡಲ್ಸ್' ಎಂದು ಅರಬ್ಬಿ, ಇಂಗ್ಲಿಷ್, ಚೀನೀ ಮೂರೂ ಲಿಪಿಗಳಲ್ಲಿ ಬೋರ್ಡು. ಈ 'ಸಾಂಪ್ರದಾಯಿಕ' ಎಂಬ ಮಾತನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮಲ್ಲಿಯೂ ಅಷ್ಟೇ, ನಿಜವಾಗಿ ಹಳೆಯದಾದ ಹೋಟೆಲಿನವನು ಹೊಸ ಬೋರ್ಡು ಹಾಕಿಸುತ್ತಾನೆ, ನಿನ್ನೆ ತೆರೆದವನು ಸಂಪ್ರದಾಯದ ಬೋರ್ಡು ಹಾಕಿಸುತ್ತಾನೆ. ಗಲ್ಲಾದ ಹಿಂದೆ ದಿಶ್ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟು, ಕಸೂತಿಯ ಟೋಪಿ ಇಟ್ಟುಕೊಂಡು ಕೂತಿದ್ದ ಒಮಾನಿಯ ಹೆಸರು ಸಾಲಿಮ್. ಹಳೆಯ ಮತ್ರಾದವರಲ್ಲಿ ಅನೇಕರಂತೆ ಅವನಿಗೂ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಸಂಪ್ರದಾಯ ಎಷ್ಟು ಹಳೆಯದು ಎಂದು ನಾನು ಹಿಂದಿಯಲ್ಲಿ ಕೇಳಿದೆ. "ಹೋದ ರಂಜಾನಿನಿಂದ" ಎಂದು ಅವನು ಗಂಭೀರವಾಗಿ ಉತ್ತರ ಕೊಟ್ಟ.

ಕಥೆ ಇಷ್ಟು. ಸಾಲಿಮ್ ಓದಲು ಮಲೇಷ್ಯಾಕ್ಕೆ ಹೋದವನು ಅಲ್ಲಿಯ ಹೈನಾನೀಸ್ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಆಮೇಲೆ ಅತ್ತೆಯೂ ಮಗಳ ಜೊತೆ ಇರಲು ಬಂದರು. ಅತ್ತೆ ಊರಿನಲ್ಲಿ ನೂಡಲ್ಸ್ ಗಾಡಿ ನಡೆಸಿದವರು, ಸುಮ್ಮನೆ ಕೂರುವ ಜಾತಿಯಲ್ಲ. ದಿನ ಬೆಳಗಾದರೆ ಅವನ ಮನೆಯ ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಿಸುತ್ತಿದ್ದರಂತೆ. ಒಂದು ದಿನ ಅವನ ಅಮ್ಮನಿಗೆ ಏಲಕ್ಕಿ ಸಿಗದೆ ಹೋಗಿ ದೊಡ್ಡ ರಾದ್ಧಾಂತವಾಯಿತು. "ಖಲಾಸ್ ಎಂದೆ" ಎಂದ ಸಾಲಿಮ್. "ಅಜ್ಜನ ಹಳೆ ಮನೆ ಇಲ್ಲಿ ಖಾಲಿ ಇತ್ತು. ಅಂಗಡಿ ಹಾಕಿಕೊಟ್ಟೆ. ಈಗ ನನ್ನ ಮನೆಯಲ್ಲಿ ಏಲಕ್ಕಿ ಏಲಕ್ಕಿಯ ಜಾಗದಲ್ಲಿದೆ."

ಅತ್ತೆಯನ್ನು ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು. ಬಟ್ಟೆಯ ಟೋಪಿ, ರಬ್ಬರ್ ಚಪ್ಪಲಿ, ನಮ್ಮ ಸೊಂಟದೆತ್ತರದ ಒಂದು ಸಾರಿನ ಹಂಡೆಯ ಮುಂದೆ ನಿಂತ ಗಿಡ್ಡ ಹೆಂಗಸು. ಹಾನ್ ಅವರು ತಮ್ಮ ಭಾಷೆಯಲ್ಲಿ ಏನೋ ಅಂದದ್ದೇ ತಡ, ಆಂಟಿ ಸೌಟು ಎತ್ತಿ ಹಿಡಿದು ಕೂಗಿದರು, ಇವರೂ ಕೂಗಿದರು. ಜಗಳವೋ ಏನೋ ಎಂದು ರಘುನಂದನ್ ಸರ್ ಹೆದರಿ ನನ್ನ ಹಿಂದೆ ಸರಿದರು. ಇಬ್ಬರ ಅಜ್ಜಂದಿರೂ ಅಕ್ಕಪಕ್ಕದ ಹಳ್ಳಿಯವರಂತೆ, ಅದಕ್ಕೆ ಸಂತೋಷ.

ಸರ್ ಊಟದ ಬಗ್ಗೆ ಮೊದಲೇ ತಯಾರಾಗಿ ಬಂದಿದ್ದರು. "ಮೇಡಂ, ಒನ್ ಬೀಫ್ ನೂಡಲ್ಸ್, ವಿದೌಟ್ ಬೀಫ್" ಎಂದರು. ಆಂಟಿ ಅವರ ಮುಖವನ್ನೇ ನೋಡಿದರು. ಸರ್ ಬಿಡಿಸಿ ಹೇಳಿದರು: ಬೀಫ್ ಬೇಡ, ಸಾರು ಬೇಡ, ಬರೀ ನೂಡಲ್ಸು, ಮೇಲೆ ಕಡಲೆಬೀಜ. ಆಂಟಿ ಹೆಗಲು ಕುಣಿಸಿ ಒಂದು ಹಿಡಿ ಬಿಳಿ ನೂಡಲ್ಸನ್ನು ಜಾಲರಿಯ ಸೌಟಿಗೆ ಹಾಕಿ, ಅದೇ ಹಂಡೆಯಲ್ಲಿ, ಮೂಳೆಗಳು ತೇಲುತ್ತಿದ್ದ ಅದೇ ಸಾರಿನಲ್ಲಿ, ಅದ್ದಿ ತೆಗೆದು, ಚೆನ್ನಾಗಿ ಝಾಡಿಸಿ, ಕಡಲೆಬೀಜದ ಪುಡಿ ಉದುರಿಸಿ ತಂದಿಟ್ಟರು. ನಾನು ನೋಡಿದೆ. ಸರ್ ಕೂಡ ನೋಡಿದರು. ಆಂಟಿ ಪ್ರಾಮಾಣಿಕರು, "ಮಿಸ್ಟರ್, ಸೇಮ್ ಪಾಟ್..." ಎಂದು ಶುರು ಮಾಡಿದರು. ಸರ್ ತಕ್ಷಣ ಹಾನ್ ಅವರ ಕಡೆ ತಿರುಗಿ, ಕಂಪ್ರೆಸರುಗಳು ಯಾವ ಬಂದರಿಗೆ ಬಂದರೆ ಅನುಕೂಲ ಎಂದು ದೊಡ್ಡ ದನಿಯಲ್ಲಿ ವಿಚಾರಿಸಲು ತೊಡಗಿದರು. ಬಂದರಿನ ಮಾತು ಮುಗಿಯುವವರೆಗೂ ಆಂಟಿಯ ಮಾತು ಕೇಳಿಸಲೇ ಇಲ್ಲ. ಆಮೇಲೆ ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ, "ಕೆಲವು ವಿಷಯ ಕೆದಕಬಾರದು ಕಣ್ರೀ" ಎಂದು ಹೇಳಿ ನೂಡಲ್ಸಿಗೆ ಕೈ ಹಾಕಿದರು. ತೊಂಡೆಕಾಯಿ ಪಲ್ಯದ ಡಬ್ಬಿಯ ಪೂರ್ವಾಶ್ರಮವನ್ನು ಕೆದಕಿದ ಕೈ ಅದೇ.

ಅಷ್ಟರಲ್ಲಿ ನನ್ನ ಬೋಗುಣಿ ಬಂತು. ಕೆಳಗೆ ನಮ್ಮ ಸೇಮಿಗೆಯದ್ದೇ ದೊಡ್ಡಣ್ಣನಂಥ ದಪ್ಪ ಅಕ್ಕಿ ನೂಡಲ್ಸು, ಅದರ ಮೇಲೆ ಗಂಜಿಯಷ್ಟು ಮಂದವಾದ ಕಂದು ಸಾರು, ಅದರ ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಉಂಡೆ ಮಾಡಿದ ಮಾಂಸ, ಬೋಟಿಯ ಚೂರು, ಹುಳಿ ಬರಿಸಿದ ಸೊಪ್ಪು, ಕಡಲೆಬೀಜ, ಎಳ್ಳು. ಹಾನ್ ಅವರು ತಮ್ಮ ಬೋಗುಣಿಯನ್ನು ಮುಟ್ಟಲಿಲ್ಲ. ಕೈಕಟ್ಟಿ ನನ್ನನ್ನೇ ನೋಡುತ್ತಾ ಕೂತರು, ನಾನು ಮೊದಲು ತಿಂದು ಹೇಳಬೇಕಂತೆ. ಎಡಗಡೆಯಿಂದ ಸರ್ ನೋಡುತ್ತಿದ್ದರು. ಹಂಡೆಯ ಕಡೆಯಿಂದ ಆಂಟಿ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ವರ್ಕ್‌ಶಾಪಿನವರೆಲ್ಲ ಪಾಸ್‌ಪೋರ್ಟ್ ಹಿಡಿದು ಸಾಲಾಗಿ ನಿಂತಂತೆ ಕಂಡಿತು. ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿ ದೊಡ್ಡ ಚೂರನ್ನೇ ಬಾಯಿಗಿಟ್ಟೆ.

ಗಂಟಲು ಬಾಗಿಲು ಹಾಕಲಿಲ್ಲ. ಹಾಕುವುದಿರಲಿ, ಮುಂದಿನದು ಎಲ್ಲಿ ಎಂದು ಇಣುಕಿ ನೋಡಿತು. ಮಾಂಸ ಬೆಣ್ಣೆಯಂತೆ ಇಳಿಯಿತು, ಹುಳಿ ಸೊಪ್ಪು ಅದರ ಹಿಂದೆ ಇಳಿಯಿತು, ಸಾರಿನಲ್ಲಿ ಚಕ್ಕೆ, ಲವಂಗ, ಇನ್ನೇನೋ ಹಿತವಾದದ್ದು. ನಾನು ತಿಂದೆ ಅಂದರೆ ತಿಂದೆ. ಮೂಗಿನಿಂದ ಬೆವರು ಇಳಿಯುತ್ತಿದ್ದರೂ ತಲೆ ಎತ್ತಲಿಲ್ಲ. ಬೋಗುಣಿ ಖಾಲಿಯಾದದ್ದೇ ಹಾನ್ ಅವರು ಮೇಜು ಗುದ್ದಿ ಇನ್ನೊಂದು ತರಿಸಿದರು. ಅದನ್ನೂ ತಿಂದೆ. ಸರ್ ಆನಂದದಿಂದ ಫೋಟೋ ತೆಗೆದರು: ಬೋಗುಣಿಯ ಮೇಲೆ ಬಾಗಿ ಹಲ್ಲು ಕಿರಿಯುತ್ತಿರುವ ನಾನು, ನನ್ನ ಹೆಗಲ ಮೇಲೆ ಹಾನ್ ಅವರ ಕೈ. ಅದೇ ಸಂಜೆ ಕಾಂಟ್ರಾಕ್ಟಿಗೆ ಸಹಿ ಬಿತ್ತು. ಸರ್ ಆ ಫೋಟೋವನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿ, 'ಗಿರಾಕಿಯ ಸಂಸ್ಕೃತಿಯನ್ನು ಗೌರವಿಸುವುದೇ ನಮ್ಮ ಯಶಸ್ಸಿನ ಗುಟ್ಟು' ಎಂದು ಕೆಳಗೆ ಬರೆದರು. ಯಶಸ್ಸು ಅವರದ್ದು, ಹೊಟ್ಟೆ ನನ್ನದು. ಫ್ರಿಜ್ಜಿನ ಹಸಿರು ಪಟ್ಟಿ ಮರುದಿನವೂ ಇದ್ದಲ್ಲೇ ಇತ್ತು, ನನ್ನ ಡಬ್ಬಿಯೂ ಇದ್ದಲ್ಲೇ ಇತ್ತು.

ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ನಮ್ಮ ಅಕೌಂಟೆಂಟನ ಹೆಂಡತಿಯೂ ಲವೀನಾಳೂ ಇಗರ್ಜಿಯ ಒಂದೇ ಗಾಯನ ತಂಡದಲ್ಲಿದ್ದಾರೆ. ಬುಧವಾರ ಅಭ್ಯಾಸ ಮುಗಿಸಿ ಬಂದವಳು ಫೋನನ್ನು ನನ್ನ ಮುಂದೆ ಇಟ್ಟಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಮುಂದಿನ ಮಾತುಗಳ ಖಾರ ಸ್ವಲ್ಪ ಕಡಿಮೆಯಾಗಿದೆ ಎಂದು ಓದುಗರು ತಿಳಿಯಬೇಕು.

"ಇದು ಯಾರು?"

"ನಾನೇ."

"ಬಟ್ಟಲಲ್ಲಿ ಎಂತ ಉಂಟು?"

"ಆಫೀಸಿನ ಕೆಲಸ ಲವೀನಾ. ಸರ್ ಹೇಳಿದ್ದು, ವೀಸಾದ ಪ್ರಶ್ನೆ..."

"ನಾನು ಕೇಳಿದ್ದು ಬಟ್ಟಲಲ್ಲಿ ಎಂತ ಉಂಟು ಅಂತ."

"ಬೀಫ್."

"ಎಷ್ಟು ಬಟ್ಟಲು?"

ಇಲ್ಲಿ ಬುದ್ಧಿವಂತ ಗಂಡಸು ಒಂದು ಎನ್ನುತ್ತಿದ್ದ. ನಾನು ಎರಡು ಎಂದೆ. ಲವೀನಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ನನ್ನ ಹಲ್ಲುಗಳನ್ನೇ ತುಂಬ ಹೊತ್ತು ನೋಡಿದಳು. "ನನ್ನ ಅಮ್ಮ ಬಂದಿದ್ದಾಗ ನಿಮಗೋಸ್ಕರ ಬಾಫಾತಿನ ಮಸಾಲೆ ಪುಡಿ ಕಡಿಮೆ ಹಾಕಿ ಸುಕ್ಕ ಬೇರೆ ಮಾಡಿ ಕೊಟ್ಟರು. ವಾಸನೆ ನೋಡಿ ತಟ್ಟೆ ದೂಡಿದಿರಿ. ಅಮ್ಮ ಎದ್ದು ರೂಮಿಗೆ ಹೋಗಿ ಕೂತರು. ನೆನಪುಂಟಾ?" ಎಂದಳು. ಅಲ್ಲಿಯವರೆಗೆ ಇದೊಂದು ತಮಾಷೆಯ ಪ್ರಸಂಗ ಎಂದುಕೊಂಡಿದ್ದ ನನಗೆ ಆಗ ಮಾತ್ರ ಹೊಟ್ಟೆಯೊಳಗೆ ಎರಡೂ ಬೋಗುಣಿಗಳು ಭಾರವಾದವು. ರಿಯಾ ತನ್ನ ಕೋಣೆಯಿಂದ ಇಣುಕಿ, "ಡ್ಯಾಡ್, ದಟ್ಸ್ ಲೈಕ್ ಚೀಟಿಂಗ್" ಎಂದಳು. ಈ ಮಕ್ಕಳಿಗೆ ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಕೇಳದೇ ಇದ್ದರೂ ಇಂಗ್ಲಿಷಿನಲ್ಲಿ ಉತ್ತರ.

ಶುಕ್ರವಾರ ಪೂಜೆ ಮುಗಿಸಿ ಬಂದ ಮೇಲೆ ನೋಡಿದರೆ ಒಲೆಯ ಮೇಲೆ ಒಂದು ಪಾತ್ರೆಯೂ ಇಲ್ಲ. ಲವೀನಾ ಸೀರೆ ಬದಲಿಸದೆ ಸೋಫಾದ ಮೇಲೆ ಕೂತಿದ್ದಳು. ಮಸೀದಿಯಲ್ಲಿ ಶುಕ್ರವಾರದ ನಮಾಜು ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ಎದ್ದು, "ಯಲ್ಲಾ, ಹೊರಡಿ. ಆ ಹೆಂಗಸು ಎಂತ ಹಾಕುತ್ತಾಳೆ ಅಂತ ನಾನೂ ನೋಡಬೇಕು" ಎಂದಳು.

ಓಣಿಯಲ್ಲಿ ಅವಳು ಮುಂದೆ, ಛತ್ರಿ ಹಿಡಿದು ರಿಯಾ ಅವಳ ಹಿಂದೆ, ಬಿಸಿಲಲ್ಲಿ ನಾನು ಕೊನೆಗೆ. ಸಾಲಿಮ್ ನನ್ನನ್ನು ಕಂಡು, "ಆವೋ ಭಾಯ್, ದೋ ಬೌಲ್!" ಎಂದು ಓಣಿಗೆಲ್ಲ ಕೇಳುವಂತೆ ಸ್ವಾಗತಿಸಿದ. ಇದೇ ನನ್ನ ಹೊಸ ಹೆಸರು ಎಂದು ತಿಳಿಯಿತು. ಲವೀನಾಳಿಗೂ ತಿಳಿಯಿತು. ಅವಳು ನೇರ ಹಂಡೆಯ ಹತ್ತಿರ ಹೋಗಿ, ಆಂಟಿಗೆ ನಮಸ್ಕಾರವನ್ನೂ ಹೇಳದೆ ಒಳಗೆ ಬಗ್ಗಿ ನೋಡಿದಳು. ಇನ್ನೊಬ್ಬರ ಹಂಡೆಯಲ್ಲಿ ಬಗ್ಗಿ ನೋಡುವುದು ಯಾವ ದೇಶದಲ್ಲೂ ಮರ್ಯಾದೆಯಲ್ಲ. ಆಂಟಿ ಸೌಟನ್ನು ಹೆಗಲಿನ ಮಟ್ಟಕ್ಕೆ ಎತ್ತಿದರು. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಆಂಟಿ ಅದೇ ಸೌಟಿನಲ್ಲಿ ಸ್ವಲ್ಪ ಸಾರು ತೆಗೆದು ಲವೀನಾಳ ಅಂಗೈಗೆ ಹಾಕುತ್ತಿದ್ದರು. ಲವೀನಾ ನೆಕ್ಕಿ ನೋಡಿ, "ಚಕ್ಕೆ. ಚಕ್ರಮೊಗ್ಗು" ಎಂದಳು. ಆಂಟಿ ಒಂದು ಡಬ್ಬ ತೆರೆದು ಮೂಗಿಗೆ ಹಿಡಿದರು. ಲವೀನಾ ತಲೆಯಾಡಿಸಿದಳು. ಇನ್ನೊಂದು ಡಬ್ಬ. ಮತ್ತೆ ತಲೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ಹೆಂಗಸರು ಒಂದಿಡೀ ಮಸಾಲೆಯ ಕಪಾಟನ್ನು ಮೂಗಿನಿಂದಲೇ ಮಾತಾಡಿ ಮುಗಿಸಿದರು. ಬಂದ ಉದ್ದೇಶ ಜಗಳ ಎಂಬುದು ಲವೀನಾಳಿಗೆ ಮರೆತೇ ಹೋದಂತಿತ್ತು.

ನನಗೆ ಮರೆತಿರಲಿಲ್ಲ. ಮೂರು ಬೋಗುಣಿ ಬಂದವು. ಲವೀನಾ ತಿಂದಳು, ರಿಯಾ ತಿಂದಳು. "ಒಳ್ಳೆಯದುಂಟು" ಎಂದಳು ಲವೀನಾ, ಅನ್ಯಾಯ ಮಾಡದ ದನಿಯಲ್ಲಿ. "ಆದರೆ ಇದರಲ್ಲಿ ನನ್ನ ಸುಕ್ಕಕ್ಕಿಂತ ಮೇಲೆ ಅನ್ನುವಂಥದ್ದು ಎಂತ ಉಂಟು ಅಂತ ನನಗೆ ಗೊತ್ತಾಗಲಿಲ್ಲ. ಈಗ ನೀವು ತಿನ್ನಿ, ನಾನು ನೋಡುತ್ತೇನೆ."

ನಾನು ಚೂರೊಂದನ್ನು ಬಾಯಿಗಿಟ್ಟೆ. ಅದೇ ಅಂಗಡಿ, ಅದೇ ಹಂಡೆ, ಅದೇ ಆಂಟಿ, ಅದೇ ಮಾಂಸ. ಗಂಟಲು ಧಡಾರನೆ ಬಾಗಿಲು ಹಾಕಿಕೊಂಡಿತು. ಅಗಿದೆ, ನೀರು ಕುಡಿದೆ, ಮತ್ತೆ ಅಗಿದೆ. ಕಣ್ಣಲ್ಲಿ ನೀರು ಬಂತು. ಕೊನೆಗೆ ಕಾಗದದ ಕರವಸ್ತ್ರಕ್ಕೆ ಶರಣಾದೆ. ಆಂಟಿ ಓಡಿ ಬಂದರು. ಮೊನ್ನೆ ಎರಡು ಬೋಗುಣಿ ಮುಗಿಸಿದವನು ಇಂದು ಒಂದು ಚೂರಿಗೆ ಹೀಗೆ ಮಾಡುವುದೆಂದರೆ ಅವರ ಅಡುಗೆಗೆ ಅವಮಾನ. ಅವರು ಸಾಲಿಮ್‌ನನ್ನು ಕೂಗಿ ಕರೆದು, ಇವನಿಗೆ ಏನಾಗಿದೆ ಕೇಳು ಎಂದರು. ಸಾಲಿಮ್ ನನ್ನ ಹತ್ತಿರ ಬಗ್ಗಿ ಹಿಂದಿಯಲ್ಲಿ ಪಿಸುಗುಟ್ಟಿದ: "ಭಾಯ್, ನನಗೂ ಸೇರುವುದಿಲ್ಲ. ನಾನು ಪಕ್ಕದ ಅಂಗಡಿಯಿಂದ ಬಿರಿಯಾನಿ ತರಿಸುತ್ತೇನೆ. ಅತ್ತೆಗೆ ಹೇಳಬೇಡ." ಮಾಲಿಕನೇ ತಿನ್ನದ ಸಂಪ್ರದಾಯದ ಮುಂದೆ ನಾನು ಬಾಯಿ ಒರೆಸಿಕೊಳ್ಳುತ್ತಾ ಕೂತೆ.

ವಾಪಸು ಬರುವಾಗ ಕಾರಿನಲ್ಲಿ ಲವೀನಾ ಕಿಟಕಿಯ ಕಡೆ ಮುಖ ಮಾಡಿ ಯೋಚಿಸುತ್ತಿದ್ದಳು. ನಾನು, "ನೋಡಿದೆಯಲ್ಲ, ನಿನ್ನ ಅಡುಗೆಯ ತಪ್ಪಲ್ಲ, ನನ್ನ ಗಂಟಲಿನದ್ದೇ" ಎಂದೆ.

"ಮಂಗಳವಾರ ಈ ಗಂಟಲು ಎಲ್ಲಿ ಹೋಗಿತ್ತು?"

"ಅದೇ ನನಗೂ ಗೊತ್ತಾಗುತ್ತಿಲ್ಲ."

"ನನಗೆ ಗೊತ್ತಾಯಿತು" ಎಂದಳು ಅವಳು. "ಮಂಗಳವಾರ ನಿಮ್ಮ ಬಾಸ್ ಎದುರು ಕೂತಿದ್ದರು. ಇವತ್ತು ಬರೀ ಹೆಂಡತಿ."

ನಾನು ಪ್ರತಿಭಟಿಸಿದೆ. ರುಚಿ ಎಂಬುದು ಹಾಗೆಲ್ಲ ಹುದ್ದೆ ನೋಡಿ ಬರುವುದಿಲ್ಲ, ಅಂದಿನ ಹಸಿವು ಬೇರೆ, ಹವೆ ಬೇರೆ ಎಂದೆಲ್ಲ ರೂವಿಯವರೆಗೂ ವಾದಿಸಿದೆ. ಅವಳ ಮುಖದಲ್ಲಿ ಈಗ ಬುಧವಾರದಿಂದ ಇದ್ದ ನೋವು ಇರಲಿಲ್ಲ. ಅದರ ಬದಲು ಏನೋ ಲೆಕ್ಕಾಚಾರ ಇತ್ತು. ನೋವಾದರೂ ವಾಸಿ, ಲವೀನಾಳ ಲೆಕ್ಕಾಚಾರ ಕಂಡರೆ ನನಗೆ ಭಯ.

ಮುಂದಿನ ಶುಕ್ರವಾರ ಒಲೆಯ ಮೇಲೆ ಒಂದೇ ಪಾತ್ರೆ. ಮುಚ್ಚಳ ತೆಗೆಯುವ ಮೊದಲೇ ಪರಿಮಳ ಹೇಳಿತು, ಕಿನ್ನಿಗೋಳಿಯ ಬೀಫ್ ಸುಕ್ಕ. ಕೋಳಿ ಎಲ್ಲಿ ಎಂದು ಕೇಳಿದೆ. "ಕೋಳಿಗೆ ರಜೆ" ಎಂದಳು ಲವೀನಾ. ತಟ್ಟೆಗೆ ಬಡಿಸಿ ನನ್ನ ಮುಂದಿಟ್ಟಳು. ನಾನು ತಟ್ಟೆಯನ್ನು ನೋಡುತ್ತಾ ಕೂತೆ. ಆಗ ಅವಳು ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೊಂಕಣಿಯನ್ನು ಪೂರ್ತಿ ಕೆಳಗಿಟ್ಟು, ಫೋನಿನ ಸ್ಪೀಕರಿನಲ್ಲಿ ಎಷ್ಟೋ ಸಲ ಕೇಳಿದ್ದ ಮೈಸೂರಿನ ಕನ್ನಡದಲ್ಲಿ ಹೇಳಿದಳು:

"ಏನ್ರೀ ವಿಲ್ಫ್ರೆಡ್, ಹಂಗೇ ಕೂತಿದೀರಾ? ಗಿರಾಕಿ ಕಾಯ್ತಿದಾರೆ ಕಣ್ರೀ. ಶುರು ಮಾಡಿ."

ಆಣೆ ಮಾಡಿ ಹೇಳುತ್ತೇನೆ, ಆ ಕೈಯನ್ನು ಎತ್ತಿದ್ದು ನಾನಲ್ಲ. ಅದು ತಾನಾಗಿ ತಟ್ಟೆಗೆ ಹೋಯಿತು, ತಾನಾಗಿ ಬಾಯಿಗೆ ಬಂತು. ಗಂಟಲು ಎರಡೂ ಬಾಗಿಲು ತೆರೆದು ನಿಂತಿತ್ತು. ಹುರಿದ ಕೊತ್ತಂಬರಿ, ಒಣಮೆಣಸು, ಅಂಚು ಕೆಂಪಗಾದ ತೆಂಗಿನಕಾಯಿ, ನಡುವೆ ಹದವಾಗಿ ಬೆಂದ ಮಾಂಸ. ಇಷ್ಟು ವರ್ಷ ಈ ಮನೆಯಲ್ಲಿ ನಾನು ಏನನ್ನು ಕಳೆದುಕೊಂಡಿದ್ದೆ ಎಂದು ಪ್ರತಿ ತುತ್ತೂ ಹೇಳುತ್ತಿತ್ತು. "ಇನ್ನೊಂಚೂರು ಹಾಕ್ಸಿಕೊಳ್ರೀ" ಎಂದಿತು ಆ ದನಿ. ಹಾಕಿಸಿಕೊಂಡೆ. ತಟ್ಟೆ ಖಾಲಿಯಾಯಿತು.

"ಹೇಗಿದೆ?" ಎಂದಳು ಲವೀನಾ.

"ತುಂಬಾ ಚೆನ್ನಾಗಿದೆ ಸರ್" ಎಂದೆ.

ಲವೀನಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಕನ್ನಡಕ ಕೆಳಗೆ ಬೀಳುವವರೆಗೂ ನಕ್ಕಳು. ನಾನೂ ನಗಲು ನೋಡಿದೆ. ಆದರೆ ಎಡಗೈಯಿಂದ ಅಂಗಿ ಸರಿಮಾಡಿಕೊಂಡು ಎದ್ದು ನಿಂತು ಆ ಮಾತು ಹೇಳಿದ್ದೇನೆ ಎಂದು ನನಗೆ ಗೊತ್ತಾದದ್ದು, ರಿಯಾ ನನ್ನ ತೋಳು ಹಿಡಿದೆಳೆದು, "ಡ್ಯಾಡ್, ಸಿಟ್ ಡೌನ್" ಎಂದಾಗ.